ಕಿಟಕಿ ಬದಿಯ ಬೆಂಚು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನಮ್ಮ ಹುಡುಗಿಯರ ಹೈಸ್ಕೂಲು ಇದ್ದದ್ದು ಒಂದು ಹಳೆಯ ಭತ್ತದ ಗೋದಾಮಿನಲ್ಲಿ. ಐವತ್ತರ ದಶಕದ ಕೊನೆಯ ವರ್ಷಗಳ ಮಾತು. ಸರಕಾರದ ಶಾಲೆ, ಆದರೆ ಸರಕಾರಕ್ಕೆ ಅದರ ನೆನಪು ಇದ್ದ ಹಾಗೆ ಕಾಣುತ್ತಿರಲಿಲ್ಲ. ತರಗತಿಗಳ ನಡುವೆ ಗೋಡೆಯ ಬದಲು ಬಿದಿರಿನ ತಟ್ಟಿ. ಒಂದು ಕಡೆ ಇತಿಹಾಸ ನಡೆದರೆ ಪಕ್ಕದವರಿಗೂ ಪುಕ್ಕಟೆ ಇತಿಹಾಸ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರ ಪಾಠವೂ ಯಾರಿಗೂ ಕೇಳುತ್ತಿರಲಿಲ್ಲ; ಆಗ ಟೀಚರುಗಳು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನೋಡಿ ಬರೆದುಕೊಳ್ಳುತ್ತಿದ್ದೆವು. ಹಳೆಯ ಭತ್ತದ ಧೂಳಿಗೆ ವರ್ಷವಿಡೀ ಯಾರಾದರೊಬ್ಬರು ಸೀನುತ್ತಿದ್ದರು.

ಪ್ರತಿ ತರಗತಿಯಲ್ಲೂ ಕಿಟಕಿ ಬದಿಗೆ, ಉಳಿದ ಬೆಂಚುಗಳಿಂದ ದೂರವಾಗಿ, ಒಂದು ಬೆಂಚು ಇತ್ತು. ಮುಟ್ಟಾದ ಹುಡುಗಿಯರು ಆ ಮೂರು ದಿನ ಅಲ್ಲಿ ಕೂರಬೇಕು. ನೀರಿನ ಕೊಡಪಾನ ಮುಟ್ಟುವ ಹಾಗಿಲ್ಲ. ಬೇರೆ ಹುಡುಗಿ ಮೇಲಿನಿಂದ ಹೊಯ್ದರೆ ಬೊಗಸೆಯಲ್ಲಿ ಕುಡಿಯಬೇಕು. ಕಾಪಿ ಪುಸ್ತಕವನ್ನು ಟೀಚರ ಕೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿಯಬೇಕು. ಆ ಬೆಂಚಿನವರಿಗೆ ಟೀಚರುಗಳು ಪ್ರಶ್ನೆ ಕೇಳುತ್ತಿರಲಿಲ್ಲ. ಲೆಕ್ಕ ಮಾಡಲು ಸೋಮಾರಿಯಾಗಿದ್ದ ನನ್ನಂಥವರಿಗೆ ಅದೇ ಸುಖ. ಶಾಲೆ ನಡೆದ ದಿನ ಆ ಬೆಂಚು ಪೂರ್ತಿ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ.

ನಮ್ಮ ಹೆಡ್ಮಿಸ್ಟ್ರೆಸ್ ಮಂಗಳೂರಿನ ಕ್ರೈಸ್ತ ಹೆಂಗಸು. ಮದುವೆಯಾಗಿರಲಿಲ್ಲ. ನಾವು ಅವರನ್ನು ದೊಡ್ಡ ಟೀಚರು ಎನ್ನುತ್ತಿದ್ದೆವು. ಅವರಿಗೆ ಆ ಬೆಂಚಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಆದರೂ ಅದನ್ನು ತೆಗೆಸಿರಲಿಲ್ಲ. ಒಮ್ಮೆ ನಾನು ಬಾಯಿ ತಡೆಯದೆ ಕೇಳಿಯೇ ಬಿಟ್ಟೆ. ಬೆಂಚು ತೆಗೆದರೆ ನಾಳೆಯೇ ಅರ್ಧ ಹುಡುಗಿಯರನ್ನು ಮನೆಯಲ್ಲಿ ಕೂರಿಸುತ್ತಾರೆ, ಬೆಂಚು ಇದೆ ಎಂಬ ಧೈರ್ಯದಲ್ಲಿ ತಾಯಂದಿರು ಕಳಿಸುತ್ತಿದ್ದಾರೆ ಎಂದರು. ಅದು ನಿಜವೇ ಆಗಿತ್ತು.

ನನ್ನ ತಂದೆಯದು ಪೇಟೆಯಲ್ಲಿ ಚಾ ತಿಂಡಿಯ ಹೋಟೆಲು. ನಮ್ಮ ಮನೆಯಲ್ಲಿ ಶಾಸ್ತ್ರಕ್ಕೆ ಪುರುಸೊತ್ತು ಇರಲಿಲ್ಲ. ನಾನು ದೊಡ್ಡವಳಾದಾಗ ಅಮ್ಮ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಿಸಿ, ಎರಡು ದಿನ ಪಾಯಸ ತಿನ್ನಿಸಿ, ಮತ್ತೆ ಶಾಲೆಗೆ ಅಟ್ಟಿದಳು. ಎಲ್ಲರಿಗೂ ಈ ಭಾಗ್ಯ ಇರಲಿಲ್ಲ. ಹತ್ತಿರದ ಹಳ್ಳಿಗಳ ಬೇಸಾಯದ ಮನೆಗಳಿಂದ ಬರುತ್ತಿದ್ದ ಹುಡುಗಿಯರು ಒಂದು ದಿನ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸುತ್ತಿದ್ದರು. ಯಾರೂ ಕಾರಣ ಕೇಳುತ್ತಿರಲಿಲ್ಲ. ಎಂಟನೆಯ ತರಗತಿಯಲ್ಲಿ ಕೂರಲು ಜಾಗವಿಲ್ಲದೆ ಜಗಳವಾಡುತ್ತಿದ್ದ ನಾವು ಕೊನೆಯ ತರಗತಿಗೆ ಬರುವಾಗ ಬೆರಳೆಣಿಕೆಯಷ್ಟು ಮಂದಿ ಆಗಿದ್ದೆವು.

ಆ ಹಳ್ಳಿಯ ಹುಡುಗಿಯರಲ್ಲಿ ಒಬ್ಬಳು ನನ್ನ ಗೆಳತಿ. ಗದ್ದೆ ಬಯಲು ದಾಟಿ, ಗುಡ್ಡ ಹತ್ತಿ ಇಳಿದು ಬರುತ್ತಿದ್ದಳು. ಕಲಿಯುವುದರಲ್ಲಿ ಎಲ್ಲರಿಗಿಂತ ಮುಂದೆ. ಅವಳಿಗೆ ತಂದೆ ಇರಲಿಲ್ಲ. ಮನೆಯ ಯಜಮಾನ ಸೋದರಮಾವ. ಆತ ಮೊದಲ ದಿನವೇ ದೊಡ್ಡ ಟೀಚರ ಎದುರಿಗೆ ಕರಾರು ಹೇಳಿಟ್ಟಿದ್ದ: ದೊಡ್ಡವಳಾಗುವವರೆಗೆ ಶಾಲೆ, ಆಮೇಲೆ ಮದುವೆ. ಅವಳಿಗೆ ಎಸ್ಸೆಸ್ಸೆಲ್ಸಿ ಒಂದು ಪಾಸಾದರೆ ಸಾಕಿತ್ತು. ಪಾಸಾದವರನ್ನು ಟೀಚರ್ ಟ್ರೈನಿಂಗಿಗೆ ತೆಗೆದುಕೊಳ್ಳುತ್ತಾರೆ, ಅಲ್ಲಿ ಹಾಸ್ಟೆಲು ಉಂಟು, ಆಮೇಲೆ ಸಂಬಳ ಬರುತ್ತದೆ, ಸಂಬಳ ತರುವವಳನ್ನು ಮಾವ ಅಷ್ಟು ಬೇಗ ಅಟ್ಟಲಿಕ್ಕಿಲ್ಲ ಎಂದು ಅವಳ ಅಂದಾಜು. ಅಂದಾಜು ತಪ್ಪಾಗಿರಲಿಲ್ಲ.

ಕೊನೆಯ ತರಗತಿಗೆ ಇನ್ನೂ ಕೆಲವು ತಿಂಗಳಿರುವಾಗ ಅವಳು ದೊಡ್ಡವಳಾದಳು. ಆದದ್ದು ಶಾಲೆಯಲ್ಲಿ, ಹೊಲಿಗೆ ತರಗತಿಯ ಹೊತ್ತಿಗೆ. ನನ್ನನ್ನು ಹಿಂದಿನ ಸೌದೆಕೊಟ್ಟಿಗೆಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದಳು. ಅಳಲಿಲ್ಲ. ಮನೆಯಲ್ಲಿ ಹೇಳುವುದಿಲ್ಲ ಎಂದಳು, ನನಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ತನಗೇ ಹೇಳಿಕೊಂಡ ಹಾಗೆ.

ಅಲ್ಲಿಂದ ಶುರುವಾಯಿತು ನಮ್ಮ ಕಳ್ಳ ಸಂಸಾರ. ಬಟ್ಟೆಗಳನ್ನು ಅವಳು ದಾರಿಯ ತೋಡಿನ ಹರಿಯುವ ನೀರಿನಲ್ಲಿ ಒಗೆಯುತ್ತಿದ್ದಳು. ಒಣಗಿಸುವುದು ಸೌದೆಕೊಟ್ಟಿಗೆಯಲ್ಲಿ. ಅಲ್ಲಿ ಮೊದಲೇ ಒಂದು ಹಗ್ಗ ಇತ್ತು, ಹೊಲಿಗೆ ತರಗತಿಯ ಬಟ್ಟೆ ಹಾಕಲು. ನಾವು ಕೆಳಗೆ ಅವಳ ಬಟ್ಟೆ ಹರಡಿ, ಮೇಲೆ ನಮ್ಮ ಕಸೂತಿಯ ಗಿಳಿ ನವಿಲುಗಳನ್ನು ಹಾಕುತ್ತಿದ್ದೆವು. ನಮ್ಮ ತರಗತಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಹುಡುಗಿಯರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ದೊಡ್ಡ ಟೀಚರಿಗೂ ಗೊತ್ತಿತ್ತೆಂದು ನನ್ನ ಗುಮಾನಿ. ನಮ್ಮ ಕಸೂತಿಗಳು ಅಷ್ಟು ಸಲ ಯಾಕೆ ಒದ್ದೆಯಾಗುತ್ತವೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಅವಳು ಕಿಟಕಿ ಬದಿಯ ಬೆಂಚಿನಲ್ಲಿ ಕೂರುವ ಹಾಗಿರಲಿಲ್ಲ. ಅಲ್ಲಿ ಕಂಡರೆ ಊರಿಗೇ ಸುದ್ದಿ. ಹಾಗಾಗಿ ಎಲ್ಲ ದಿನಗಳಲ್ಲೂ ತನ್ನ ಜಾಗದಲ್ಲೇ ಕೂತಳು, ಎಲ್ಲರ ಕೊಡಪಾನದಿಂದಲೇ ನೀರು ಕುಡಿದಳು. ಮನೆಯಲ್ಲೂ ಅಡುಗೆಗೆ ಕೈ ಹಾಕಿದಳು, ಸಂಜೆ ದೈವದ ಕೋಣೆಗೆ ದೀಪ ಇಟ್ಟಳು. ಮನೆಯವರ ಲೆಕ್ಕದಲ್ಲಿ ಅವಳಿನ್ನೂ ಮಗು. ನಾವೆಲ್ಲ ದಾವಣಿ ಹಾಕುವಾಗ ಅವಳು ನಮಗಿಂತ ಒಂದು ಗೇಣು ಎತ್ತರ ಇದ್ದರೂ ಬರಿಯ ಲಂಗದಲ್ಲಿ ಬರುತ್ತಿದ್ದಳು. ಅವಳ ತಾಯಿ ನಮ್ಮ ಹೋಟೆಲಿನ ಹತ್ತಿರ ಅಮ್ಮನನ್ನು ಕಂಡಾಗಲೆಲ್ಲ, ನಮ್ಮ ಕುಟುಂಬದಲ್ಲಿ ಎಲ್ಲರೂ ತಡ, ಆದರೂ ಇಷ್ಟು ತಡವೇ, ಹರಕೆ ಹೊತ್ತಿದ್ದೇನೆ ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ಕೇಳುವ ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ನಗುವ ದಿನಗಳು ಬೇಗ ಮುಗಿದವು. ಆ ಬೇಸಗೆಯಲ್ಲಿ ಅವಳ ಅಕ್ಕ ಹೆರಿಗೆಗೆ ಬಂದಳು. ಗಂಡು ಮಗು. ಶಾಲೆಯಿಂದ ಹೋದ ಕೂಡಲೇ ಗೆಳತಿಯೇ ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಎಡಗೈಯಲ್ಲಿ ಮಗು, ಬಲಗೈಯಲ್ಲಿ ಪುಸ್ತಕ. ಆಟಿ ತಿಂಗಳ ಮಳೆಯಲ್ಲಿ ಮಗುವಿಗೆ ಜ್ವರ ಬಂತು. ಹೊಳೆ ತುಂಬಿ ದೋಣಿ ಹಾಕುತ್ತಿರಲಿಲ್ಲ. ಬಂಟ್ವಾಳದ ಡಾಕ್ಟರ ಹತ್ತಿರ ಹೋಗುವ ಮಾತೇ ಇರಲಿಲ್ಲ. ಮಗು ಸತ್ತುಹೋಯಿತು. ಆ ಮಳೆಗಾಲದಲ್ಲಿ ನಮ್ಮ ಪೇಟೆಯಲ್ಲೂ ಮಕ್ಕಳು ಸತ್ತವು, ಹೋಟೆಲಿನ ಹಿಂದಿನ ಮನೆಯಲ್ಲೇ ಒಂದು. ನನಗೆ ಅದು ಮಳೆಗಾಲದ ದುಃಖ, ಅಷ್ಟೆ. ಅವಳಿಗೆ ಹಾಗಾಗಿರಲಿಲ್ಲ.

ಸೂತಕ ಕಳೆದು ಶಾಲೆಗೆ ಬಂದ ದಿನ ಸೌದೆಕೊಟ್ಟಿಗೆಯಲ್ಲಿ ಅವಳು ನನ್ನನ್ನು ಕೇಳಿದಳು.

“ನಾನು ಮುಟ್ಟಿ ಮುಟ್ಟಿ ಆದದ್ದಾ ಅದು?”

ನನಗೆ ಅಸಾಧ್ಯ ಸಿಟ್ಟು ಬಂತು. ನಿನಗೆ ತಲೆ ಕೆಟ್ಟಿದೆಯಾ, ಜ್ವರ ಹೇಗೆ ಬರುತ್ತದೆ ಎಂದು ಆರೋಗ್ಯದ ಪಾಠವನ್ನು ತರಗತಿಗೆ ಓದಿ ಹೇಳಿದವಳು ನೀನೇ ಅಲ್ಲವಾ ಎಂದು ಬೈದೆ. ಹೌದು, ಪಾಠದಲ್ಲಿ ಹಾಗೆ ಉಂಟು ಎಂದು ಒಪ್ಪಿದಳು. ಪಾಠದಲ್ಲಿ ಇರುವುದನ್ನು ಪರೀಕ್ಷೆಗೆ ಬರೆಯಬೇಕು, ಮನೆಯಲ್ಲಿ ನಡೆಯುವುದು ಬೇರೆ ಎಂಬ ಹಾಗಿತ್ತು ಅವಳ ದನಿ. ಅಂದಿನಿಂದ ಅವಳು ಶಾಲೆಯ ಕೊಡಪಾನದ ನೀರು ಕುಡಿಯುವುದನ್ನು ಬಿಟ್ಟಳು. ಬಾಯಾರಿದರೆ ತೋಡಿಗೆ ಹೋಗುತ್ತಿದ್ದಳು. ಆದರೆ ಓದು ಬಿಡಲಿಲ್ಲ. ಪರೀಕ್ಷೆಯ ಅರ್ಜಿ ಹೋಗಿತ್ತು, ಇನ್ನು ಆರು ತಿಂಗಳು ಹೀಗೆ ದಾಟಿದರೆ ಸಾಕು ಎಂದು ನಾವು ಧೈರ್ಯ ಹೇಳುತ್ತಿದ್ದೆವು.

ನವರಾತ್ರಿ ಬಂತು. ನಮ್ಮ ಶಾಲೆಯಲ್ಲಿ ಶಾರದಾ ಪೂಜೆ ಎಂದರೆ ವರ್ಷಕ್ಕೊಂದು ಹಬ್ಬ. ದೊಡ್ಡ ಟೀಚರು ತಾವು ಕೈ ಮುಗಿಯದೆ, ನಮಗೆ ಯಾವುದಕ್ಕೂ ಅಡ್ಡಿ ಬಾರದೆ ಒಂದು ಮೂಲೆಯಲ್ಲಿ ನಿಲ್ಲುತ್ತಿದ್ದರು. ಎಲ್ಲರ ಪುಸ್ತಕಗಳನ್ನೂ ಶಾರದೆಯ ಪಟದ ಮುಂದೆ ಜೋಡಿಸಿ ಪೂಜೆ. ಪೂಜೆಯ ಕೊನೆಗೆ ಕೊನೆಯ ತರಗತಿಯ ಜಾಣ ಹುಡುಗಿ ಮೇಲಿನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎತ್ತಬೇಕು, ಒಂದು ಪಾಠ ಓದಬೇಕು, ಆಮೇಲೆ ಪಂಚಕಜ್ಜಾಯ. ಮುಟ್ಟಾದವರಿಗೆಂದು ಅಂದು ಒಂದು ಬೆಂಚನ್ನು ಜಗಲಿಯ ತುದಿಗೆ ಸಾಗಿಸುತ್ತಿದ್ದರು. ಮನೆಯವರೆಲ್ಲ ಬರುತ್ತಿದ್ದರು. ಅವಳ ಮಾವ ತೋಟದ ಬಾಳೆಗೊನೆ ಹೊರಿಸಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ.

ಆ ವರ್ಷದ ಜಾಣ ಹುಡುಗಿ ಅವಳೇ. ಬೆಳಿಗ್ಗೆ ಬಂದವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದಳು. ಒಂದು ಗಳಿಗೆಯ ಮಾತು, ಎತ್ತಿ ಓದಿ ಇಡು, ಇಷ್ಟು ದಿನ ಮಾಡಿದ್ದನ್ನೇ ಮಾಡು ಎಂದೆ. ತಲೆಯಾಡಿಸಿದಳು. ಮಂಗಳಾರತಿ ಆಯಿತು. ಅವಳನ್ನು ಕರೆದರು. ಎದ್ದಳು, ಶಾರದೆಯ ಮುಂದಿನವರೆಗೆ ಹೋದಳು, ಕೈ ಚಾಚಿದಳು. ಚಾಚಿದ ಕೈ ಅಲ್ಲಿಯೇ ನಿಂತಿತು.

ಆಮೇಲೆ ಅವಳು ಹಿಂದೆ ಸರಿದು, ಯಾರನ್ನೂ ಸೋಕದ ಹಾಗೆ ಲಂಗವನ್ನು ಒಟ್ಟುಮಾಡಿ ಹಿಡಿದುಕೊಂಡು, ನಮ್ಮೆಲ್ಲರ ನಡುವಿನಿಂದ ನಡೆದು ಹೋದಳು. ಜಗಲಿಯ ತುದಿಯ ಬೆಂಚು ಖಾಲಿ ಇತ್ತು. ಅದರ ಮೇಲೆ ಕೂತಳು.

ಯಾರಿಗೂ ವಿವರಿಸಿ ಹೇಳುವ ಅಗತ್ಯ ಇರಲಿಲ್ಲ. ಲಂಗದ ಹುಡುಗಿ, ಮನೆಯವರ ಪಾಲಿನ ಮಗು, ಆ ಬೆಂಚಿನ ಮೇಲೆ ಕೂತಿದ್ದಳು. ಅವಳ ಮಾವ ತಿರುಗಿ ನೋಡಿದ, ಮತ್ತೆ ಶಾರದೆಯ ಕಡೆ ಮುಖ ಮಾಡಿ ಕೂತ. ಪೂಜೆ ಮುಗಿಯುವವರೆಗೆ ಏಳಲಿಲ್ಲ, ಪಂಚಕಜ್ಜಾಯವನ್ನೂ ತೆಗೆದುಕೊಂಡ. ಆಮೇಲೆ ಬೆಂಚಿನಿಂದ ಸ್ವಲ್ಪ ದೂರದಲ್ಲಿ ನಿಂತು ನಡೆ ಎಂದ. ಅವನು ಮುಂದೆ, ಅವಳು ಹಿಂದೆ, ಗದ್ದೆಯ ಅಂಚಿನ ಹುಣಿಯ ಮೇಲೆ ಹೋದರು. ಅವಳ ಪುಸ್ತಕಗಳನ್ನು ಆವತ್ತು ಬೆಳಿಗ್ಗೆ ಅವಳು ಪೂಜೆಗೇ ಇಟ್ಟಿರಲಿಲ್ಲ ಎಂದು ಆಮೇಲೆ ನೋಡಿದೆವು. ಸೌದೆಕೊಟ್ಟಿಗೆಯಲ್ಲಿ ಇಟ್ಟಿದ್ದಳು.

ಎರಡು ವಾರ ಕಾದು ದೊಡ್ಡ ಟೀಚರು ಅವಳ ಮನೆಗೆ ಹೊರಟರು. ದಾರಿ ತೋರಿಸಲು ನಾನು. ಮಾವ ಮರ್ಯಾದೆಯಿಂದಲೇ ಚಾಪೆ ಹಾಕಿಸಿದ, ಬೆಲ್ಲ ನೀರು ತರಿಸಿದ. ನೀರು ತಂದಿಟ್ಟ ಅವಳ ತಾಯಿ ನಮ್ಮ ಮುಖ ನೋಡಲಿಲ್ಲ. ಅಂಗಳದಲ್ಲಿ ಬಾಡಿದ ಅಡಕೆಯ ಹಿಂಗಾರ ಬಿದ್ದಿತ್ತು; ಮುತ್ತೈದೆಯರು ನೀರು ಹೊಯ್ದು ಶಾಸ್ತ್ರ ಮುಗಿಸಿದ್ದರು, ಒಂದು ವರ್ಷ ತಡವಾಗಿ. ಮದುವೆಯೂ ಗೊತ್ತಾಗಿತ್ತು, ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯ ಕಡೆಗೆ.

ಪರೀಕ್ಷೆ ಒಂದು ಬರೆಯಲಿ, ಮದುವೆ ಅದು ಮುಗಿದ ಮರುದಿನವೇ ಮಾಡಿ, ಬೇಕಾದರೆ ನಾನೇ ಅವಳನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿ ಕರೆತರುತ್ತೇನೆ ಎಂದು ದೊಡ್ಡ ಟೀಚರು ಕೇಳಿಕೊಂಡರು. ಅವರು ಯಾರನ್ನಾದರೂ ಹಾಗೆ ಕೇಳಿಕೊಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ.  ಮಾವ ಮೆಲ್ಲಗೆ ಹೇಳಿದ.

“ಒಂದು ವರ್ಷ ಇವಳು ಮುಟ್ಟಿದ ನೀರು ಕುಡಿದಿದ್ದೇವೆ ಟೀಚರೇ. ದೈವಕ್ಕೆ ಇವಳೇ ದೀಪ ಇಟ್ಟದ್ದು. ಇವಳ ಕೈಯಲ್ಲೇ ಮಗು ಹೋಯಿತು. ನಾನು ಬೈಲಿಲ್ಲ, ಹೊಡೀಲಿಲ್ಲ. ಇನ್ನು ಏನು ಮಾಡ್ಲಿಕ್ಕೆ ಹೇಳ್ತೀರಿ?”

ಹೆಗಲ ಮೇಲಿನ ವಸ್ತ್ರದಲ್ಲಿ ಕಣ್ಣೊರೆಸಿಕೊಂಡ. ಅವನನ್ನು ದ್ವೇಷಿಸಲು ನಾನು ಸಿದ್ಧಳಾಗಿ ಹೋಗಿದ್ದೆ. ಅದೂ ಸರಿಯಾಗಿ ಆಗಲಿಲ್ಲ.

ಮಗು ಹೋದದ್ದು ಜ್ವರದಿಂದ ಎಂದು ದೊಡ್ಡ ಟೀಚರು ಎಷ್ಟು ಹೇಳಿದರೂ ಆತ ತಲೆ ತಗ್ಗಿಸಿಯೇ ಕೂತಿದ್ದ. ಕೊನೆಗೆ ಹುಡುಗಿಯನ್ನೇ ಕೇಳುವ ಎಂದರು. ಬಾಗಿಲ ಹಿಂದೆ ನಿಂತಿದ್ದವಳು ಹೊಸ್ತಿಲವರೆಗೆ ಬಂದಳು. ಸೀರೆ ಉಡಿಸಿದ್ದರು. ನನ್ನತ್ತ ಒಮ್ಮೆ ನೋಡಿದಳು. ಒಂದು ಮಾತು, ಬರೆಯುತ್ತೇನೆ ಎಂದುಬಿಟ್ಟರೆ ಮಾವ ಕರಗಿಯಾನು ಎಂದು ನನಗೆ ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

“ನನಗೆ ಬೇಡ ಟೀಚರ್,” ಎಂದಳು. “ನಾನು ಪುಸ್ತಕ ಮುಟ್ಟುದಿಲ್ಲ ಇನ್ನು.”

ಹಿಂದಿರುಗುವಾಗ ನಾನು ದಾರಿಯುದ್ದಕ್ಕೂ ಅವಳನ್ನೇ ಬೈದೆ. ಇಷ್ಟು ದಿನ ಮನೆಯವರ ಕಣ್ಣಿಗೆ ಮಣ್ಣೆರಚಿದವಳಿಗೆ ಒಂದು ಪಟದ ಎದುರು ಅರೆಗಳಿಗೆ ನಿಲ್ಲಲಾಗಲಿಲ್ಲವೇ ಎಂದೆ.  ಗುಡ್ಡದ ಮೇಲೆ ಉಸಿರು ತಿರುಗಿಸಲು ನಿಂತಾಗ ದೊಡ್ಡ ಟೀಚರು ಹೇಳಿದರು.

“ಅವಳಿಗೆ ಪಾಸಾಗ್ಬೇಕಿತ್ತು. ಅದಕ್ಕೇ ಹೆದರಿದ್ದು. ಶಾರದೆಯನ್ನು ಮುಟ್ಟಿದ್ರೆ ವಿದ್ಯೆ ಹೋಗ್ತದೆ ಅಂತ.” ಮತ್ತೆ ನಡೆಯತೊಡಗುತ್ತ ಹೇಳಿದರು. “ನಾನು ಈ ಶಾಲೆಗೆ ಬಂದಲ್ಲಿಂದ ನೋಡ್ತಾ ಇದ್ದೇನೆ. ಶಾಲೆ ಇರುವ ದಿನ ನಿಮ್ಮ ಆ ಬೆಂಚಿನಲ್ಲಿ ಯಾವಾಗ್ಲೂ ಜನ ಉಂಟು. ಪೂಜೆಯ ದಿನ ಮಾತ್ರ ಇವಳಿಗಿಂತ ಮೊದಲು ಒಂದು ವರ್ಷವೂ ಒಬ್ಬಳೂ ಕೂತದ್ದಿಲ್ಲ.”

 ಅವರು ಹೇಳಿದ್ದು ಸತ್ಯ. ಹೊಸ ಲಂಗ ಹೊಲಿಸಿಕೊಂಡು ಬಂದ ದಿನ, ಮನೆಯವರೆಲ್ಲ ನೋಡುತ್ತಿರುವ ದಿನ, ಪಂಚಕಜ್ಜಾಯದ ದಿನ, ಯಾವ ಹುಡುಗಿ ತಾನಾಗಿ ಹೋಗಿ ಜಗಲಿಯ ತುದಿಯಲ್ಲಿ ಕೂತಾಳು? ನಾವೆಲ್ಲ ಸುಮ್ಮನಿರುತ್ತಿದ್ದೆವು, ಶಾರದೆಯೂ ಸುಮ್ಮನಿರುತ್ತಿದ್ದಳು. ಇದು ಒಬ್ಬೊಬ್ಬರ ಒಳಗಿನ ಗುಟ್ಟು, ಸೌದೆಕೊಟ್ಟಿಗೆಯಲ್ಲೂ ಬಾಯಿ ಬಿಡದ ಗುಟ್ಟು. ಹಾಗಾಗಿ ಹಿಂದಿನ ಪೂಜೆಗಳಲ್ಲಿ ಇನ್ನೂ ದೊಡ್ಡವಳಾಗಿರದ ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳಿಗೆ ಹೇಳಬೇಕೆಂದು ಮದುವೆಯ ದಿನ ಹೋದೆ. ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದವಳ ಹತ್ತಿರ ಆ ಮಾತು ಆಡುವ ಹಾಗಿರಲಿಲ್ಲ.

ಪರೀಕ್ಷೆ ಮೂಡುಬಿದಿರೆಯಲ್ಲಿ. ನಮಗೆ ಪರಿಚಯದ ಒಂದು ಜೈನರ ಮನೆಯಲ್ಲಿ ಬಿಡಾರ. ಅಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಬಡಿಸಿಬಿಡುತ್ತಿದ್ದರು. ಓದಲು ಕೂತರೆ ಅಕ್ಷರಕ್ಕಿಂತ ಹಸಿವೇ ಹೆಚ್ಚು ಕಾಣುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ನನ್ನ ಮುಂದಿನ ಖಾಲಿ ಜಾಗ ಅವಳದ್ದು. ಪ್ರತಿ ದಿನ ಅಲ್ಲಿ ಒಂದು ಪ್ರಶ್ನೆ ಪತ್ರಿಕೆ ಇಡುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ತೆಗೆದುಕೊಂಡು ಹೋಗುತ್ತಿದ್ದರು. ಸಾಮಾನ್ಯ ವಿಜ್ಞಾನದ ದಿನ ಜ್ವರಗಳು ಹೇಗೆ ಹರಡುತ್ತವೆ ಎಂಬ ಪ್ರಶ್ನೆ ಬಂದಿತ್ತು. ಅವಳು ತರಗತಿಗೆ ಓದಿ ಹೇಳಿದ್ದನ್ನು ನೆನಪಿಸಿಕೊಂಡು ನಾನು ಬರೆದೆ, ಪಾಸೂ ಆದೆ. ಅವಳು ಹೋಗಬೇಕೆಂದಿದ್ದ ಟ್ರೈನಿಂಗಿಗೆ ಹೋದವಳು ನಾನು, ಲೆಕ್ಕಕ್ಕೆ ಸೋಮಾರಿಯಾದವಳು.

ಏಳೆಂಟು ವರ್ಷ ಕಳೆದಿತ್ತು. ನಾನು ಬೆಳ್ತಂಗಡಿಯ ಕಡೆ ಒಂದು ಶಾಲೆಯಲ್ಲಿ ಟೀಚರು. ಒಂದು ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಚಾರ್ಮಾಡಿ ಕಡೆಯ ಬಸ್ಸಿನಿಂದ ಇಳಿದ ಗೆಳತಿ ನನ್ನ ಹೆಸರು ಹಿಡಿದು ಕರೆದಳು. ಬಡಕಲಾಗಿದ್ದಳು, ಎತ್ತರ ಮಾತ್ರ ಹಾಗೇ ಇತ್ತು. ತಾಯಿಗೆ ಹುಷಾರಿಲ್ಲವೆಂದು ಬಂಟ್ವಾಳದ ಬಸ್ಸು ಹಿಡಿಯಲು ನಿಂತಿದ್ದಳು. ಗಂಡ ಹಣ್ಣು ಕೊಳ್ಳಲು ಅಂಗಡಿಗೆ ಹೋಗಿದ್ದ.

ಅವಳಿಂದ ಒಂದು ಮಾರು ದೂರದಲ್ಲಿ ಎರಡು ಎರಡೂವರೆ ವರ್ಷದ ಹೆಣ್ಣು ಮಗು ಬಿಸಿಲಿನಲ್ಲಿ ನಿಂತು ಅಳುತ್ತಿತ್ತು. ಕೈ ಎತ್ತಿ ಅಳುತ್ತಿತ್ತೇ ಹೊರತು ತಾಯಿಯ ಹತ್ತಿರ ಬರುತ್ತಿರಲಿಲ್ಲ. ಎತ್ತಿಕೊ ಮಾರಾಯ್ತಿ, ಮಗು ಬೆಂದುಹೋಗ್ತದೆ ಎಂದೆ.

“ಇವತ್ತು ಆಗುದಿಲ್ಲ,” ಎಂದಳು. “ಅವಳಿಗೆ ಗೊತ್ತುಂಟು. ಹತ್ತಿರ ಬರುದಿಲ್ಲ.”

 ಆ ಗುಡ್ಡದ ಮೇಲಿನಿಂದ ಇಟ್ಟುಕೊಂಡಿದ್ದ ಮಾತನ್ನು ಅಲ್ಲೇ, ಬಸ್ಸಿನ ಗದ್ದಲದ ನಡುವೆ, ಒಂದೇ ಉಸಿರಿಗೆ ಹೇಳಿದೆ. ಪೂಜೆಯ ದಿನದ ಬೆಂಚಿನ ಬಗ್ಗೆ ದೊಡ್ಡ ಟೀಚರು ಹೇಳಿದ್ದು, ಎಂಟನೆಯ ತರಗತಿಯಲ್ಲಿ ನಾನೇ ಆ ಸ್ಥಿತಿಯಲ್ಲಿ ಶಾರದೆಯ ಪಟಕ್ಕೆ ಹೂ ಏರಿಸಿ ಎರಡು ಸಲ ಪಂಚಕಜ್ಜಾಯ ತಿಂದದ್ದು, ಪ್ರತಿ ವರ್ಷ ಯಾರಾದರೂ ಹಾಗೆ ಇದ್ದೇ ಇದ್ದದ್ದು, ಅವರೆಲ್ಲ ಪಾಸಾಗಿ ಮಕ್ಕಳು ಮರಿಗಳೊಂದಿಗೆ ಸುಖವಾಗಿರುವುದು.

ಅವಳು ಪೂರ್ತಿ ಕೇಳಿಸಿಕೊಂಡಳು. ತರಗತಿಯಲ್ಲಿ ಕಷ್ಟದ ಲೆಕ್ಕ ಕೇಳುವಾಗ ಇರುತ್ತಿದ್ದಂಥ ಮುಖ. ತನಗೆ ತಪ್ಪಿದ ಪರೀಕ್ಷೆಯ ಮಾತು ಎತ್ತುತ್ತಾಳೆ, ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ.

“ಹಾಗಾದ್ರೆ ಅಕ್ಕನ ಮಗು,” ಎಂದಳು, “ನನ್ನಿಂದ ಹೋದದ್ದಲ್ಲ?”

ಅಲ್ಲ ಎಂದೆ. ಜ್ವರ, ಬರಿಯ ಜ್ವರ ಎಂದೆ.

“ಇನ್ನೊಮ್ಮೆ ಹೇಳು.”

ಮತ್ತೆ ಹೇಳಿದೆ. ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂತು, ಹಣ್ಣಿನ ಪೊಟ್ಟಣ ಹಿಡಿದು ಗಂಡನೂ ಬಂದು ಸೀಟು ಹಿಡಿಯಲು ಮುಂದಿನ ಬಾಗಿಲಿಂದ ನುಗ್ಗಿದ. ಅವಳು ಹಿಂದಿನ ಬಾಗಿಲಿಗೆ ಹೋದಳು. ಮಗು ಅದೇ ಒಂದು ಮಾರು ದೂರ ಬಿಟ್ಟು ಹಿಂದಿನಿಂದ ಓಡಿತು. ಮೆಟ್ಟಿಲು ಎತ್ತರ ಇತ್ತು. ಮಗು ಕೆಳಗೆ ನಿಂತು ತಾಯಿಗೆ ಎರಡೂ ಕೈ ಚಾಚಿತು. ಅವಳು ಬಗ್ಗಿದಳು, ಕೈ ಮುಂದೆ ಬಂತು, ಮಗುವಿನ ಕೈಯ ಹತ್ತಿರದವರೆಗೂ ಬಂತು. ಅಲ್ಲಿಯೇ ನಿಂತಿತು. ಆಮೇಲೆ ನನ್ನ ಕಡೆ ನೋಡಿದಳು.

“ನೀನು ಹತ್ತಿಸ್ತೀಯಾ?” ಎಂದಳು.

ನಾನು ಮಗುವನ್ನು ಎತ್ತಿ ಒಳಗೆ ನಿಲ್ಲಿಸಿದೆ.